ಮಳೆನೆರಳಿನ ಸೀಮೆಯಲ್ಲಿ ಬಾಳುವ ವಿದ್ಯೆ

ಜೀವಿಗಳು ತಾವಿರುವ ನೆಲೆಗೆ ಹೊಂದಿಕೊಳ್ಳುವುದು ಬಹುಮಟ್ಟಿಗೆ ದೇಹದ ಮೂಲಕ. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡಸಾಲಿನ ಕುರುಚಲು ಕಾಡಿನಲ್ಲಿ ಕಾರೆ, ಜಾಲಿ, ಕಮರದಂಥ ಗಿಡಮರಗಳು ಎಲೆಯನ್ನು ಕಿರಿದಾಗಿಸಿಕೊಂಡೋ, ಬೇಸಿಗೆಗೆ ಮುನ್ನ ಉದುರಿಸಿಕೊಂಡೋ, ಮುಳ್ಳು ಬೆಳೆಸಿಯೋ, ಬೇರನ್ನು ಆಳಕ್ಕೆ ಇಳಿಸಿಯೋ ಒಣಹವೆಯನ್ನು ತಾಳಿಕೊಳ್ಳುತ್ತವೆ. ಈ ಒಂದೊಂದು ಗುಣವೂ ನಿಸರ್ಗದ ಆಯ್ಕೆಯಿಂದ, ಅಂದರೆ ನೆಲೆಗೆ ಒಗ್ಗಿದ ಸಂತತಿ ಹೆಚ್ಚಾಗಿ ಉಳಿದು ಒಗ್ಗದ್ದು ಅಳಿಯುವ ದೀರ್ಘ ಪ್ರಕ್ರಿಯೆಯಿಂದ, ಅವುಗಳ ವಂಶವಾಹಿಗಳಲ್ಲಿ ನೆಲೆಗೊಂಡದ್ದು. ಅದೇ ಗುಡ್ಡದ ತಪ್ಪಲಿನಲ್ಲಿ ಬಾಳುವ ಮನುಷ್ಯನ ದೇಹಕ್ಕೂ ಆಗುಂಬೆಯ ಮಳೆಯಲ್ಲಿ ಬಾಳುವವನ ದೇಹಕ್ಕೂ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಇಬ್ಬರೂ ಬೇರೆಯಾಗುವುದು ಕಲಿಕೆಯಲ್ಲಿ: ಏನನ್ನು ಬಿತ್ತಬೇಕು, ಯಾವಾಗ ಬಿತ್ತಬೇಕು, ಬಿದ್ದ ನೀರನ್ನು ಎಲ್ಲಿ ತಡೆಯಬೇಕು, ಬೆಳೆದದ್ದನ್ನು ಎಷ್ಟು ವರ್ಷ ಹೇಗೆ ಕಾಪಿಡಬೇಕು ಎಂಬ ತಿಳಿವಳಿಕೆಯಲ್ಲಿ.

ಹಿಂದಿನವರಿಂದ ಪಡೆದ ಇಂಥ ತಿಳಿವಳಿಕೆ, ಸಲಕರಣೆ, ಕಟ್ಟುಪಾಡು, ಆಚರಣೆಗಳ ಒಟ್ಟು ಮೊತ್ತವನ್ನು ವಿಜ್ಞಾನಿಗಳು ಸಂಸ್ಕೃತಿ ಎಂದು ಕರೆಯುತ್ತಾರೆ. 1985ರಲ್ಲಿ ರಾಬರ್ಟ್ ಬಾಯ್ಡ್ ಮತ್ತು ಪೀಟರ್ ರಿಚರ್ಸನ್ ಎಂಬ ಅಮೆರಿಕದ ವಿದ್ವಾಂಸರು, ಸಂಸ್ಕೃತಿಯೂ ವಂಶವಾಹಿಗಳಂತೆ ತಲೆಮಾರಿನಿಂದ ತಲೆಮಾರಿಗೆ ಸಾಗುವ, ಸಾಗುವಾಗ ಬದಲಾಗುವ, ಬದಲಾದವುಗಳಲ್ಲಿ ಕೆಲವೇ ಉಳಿಯುವ ಒಂದು ಪರಂಪರೆಯೆಂದು ಗಣಿತದ ಮಾದರಿಗಳ ಮೂಲಕ ವಿವರಿಸಿದರು. ಈ ವಿವರಣೆಯಲ್ಲಿ ಮುಖ್ಯವಾದದ್ದು ‘ಸಂಚಯ’ ಎಂಬ ಗುಣ. ಒಬ್ಬ ವ್ಯಕ್ತಿ ಎಷ್ಟೇ ಜಾಣನಾದರೂ ತನ್ನೊಂದು ಆಯುಷ್ಯದಲ್ಲಿ ಕಂಡುಕೊಳ್ಳಲಾರದ ಪರಿಹಾರಗಳು ಹಲವು ತಲೆಮಾರುಗಳ ಸಣ್ಣಪುಟ್ಟ ತಿದ್ದುಪಡಿಗಳು ಕೂಡುತ್ತ ಹೋಗಿ ರೂಪುಗೊಳ್ಳುತ್ತವೆ, ಮತ್ತು ಅವನ್ನು ಬಳಸುವವರಿಗೆ ಅವುಗಳ ಹಿಂದಿನ ಕಾರಣ ತಿಳಿದಿರಲೇಬೇಕೆಂದಿಲ್ಲ.

ಕಾರಣ ತಿಳಿಯದೆಯೂ ಕ್ರಮವನ್ನು ಪಾಲಿಸುವುದರ ಬೆಲೆ ಎಷ್ಟೆಂಬುದಕ್ಕೆ ಆಸ್ಟ್ರೇಲಿಯದ ಒಂದು ದುರಂತ ಸಾಕ್ಷಿಯಾಗಿದೆ. 1860–61ರಲ್ಲಿ ಆ ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಹೊರಟ ಬರ್ಕ್ ಮತ್ತು ವಿಲ್ಸ್ ಎಂಬ ಅನ್ವೇಷಕರು, ಆಹಾರ ಮುಗಿದ ಮೇಲೆ, ಸ್ಥಳೀಯ ಯಾಂಡ್ರುವಾಂಡ ಜನರು ತಿನ್ನುತ್ತಿದ್ದ ನಾರ್ಡೂ ಎಂಬ ಜರೀಗಿಡದ ಬೀಜಕಕೋಶಗಳನ್ನೇ ಕುಟ್ಟಿ ತಿಂದರೂ ದಿನೇದಿನೇ ಸೊರಗಿ ಸತ್ತರು. ನಾರ್ಡೂವಿನಲ್ಲಿ ಬಿ1 ಜೀವಸತ್ವವನ್ನು ನಾಶಪಡಿಸುವ ಕಿಣ್ವವೊಂದಿದೆ. ಸ್ಥಳೀಯರು ಹುರಿದು, ನೀರು ಸೇರಿಸಿ ಅರೆದು ಸಿದ್ಧಪಡಿಸುತ್ತಿದ್ದ ಕ್ರಮದಲ್ಲಿ ಅದರ ಕೇಡು ತಗ್ಗುತ್ತಿತ್ತು. ಕಿಣ್ವದ ಸುದ್ದಿ ಎರಡೂ ಕಡೆಯವರಿಗೆ ಗೊತ್ತಿರಲಿಲ್ಲ, ಆದರೆ ಒಂದು ಕಡೆಯವರಿಗೆ ಕ್ರಮ ಗೊತ್ತಿತ್ತು. ಆ ತಂಡದಲ್ಲಿ ಬದುಕುಳಿದ ಕಿಂಗ್ ಎಂಬಾತ ಉಳಿದದ್ದು ಅದೇ ಯಾಂಡ್ರುವಾಂಡ ಜನರ ಆಶ್ರಯದಲ್ಲಿ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆ ಇಂಥ ಸಂಚಿತ ತಿಳಿವಳಿಕೆಯನ್ನು ಅರಿಯಲು ತಕ್ಕ ಜಾಗ, ಏಕೆಂದರೆ ಇಲ್ಲಿ ತಪ್ಪಿಗೆ ಅವಕಾಶ ಕಡಿಮೆ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರಿನ ಗಾಳಿ ಪಶ್ಚಿಮ ಘಟ್ಟವನ್ನೇರುವಾಗ ತಂಪಾಗಿ ತನ್ನ ನೀರಿನ ಬಹುಪಾಲನ್ನು ಅಲ್ಲಿಯೇ ಸುರಿಸಿ, ಪೂರ್ವಕ್ಕೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಘಟ್ಟದ ಆಚೆಗಿನ ಈ ಒಣ ಪಟ್ಟಿಯೇ ಮಳೆನೆರಳಿನ ಪ್ರದೇಶ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ, ನೇರ ಗೆರೆಯಲ್ಲಿ ಇನ್ನೂರು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿರುವ ಚಿತ್ರದುರ್ಗ ಜಿಲ್ಲೆಯ ಸರಾಸರಿ ಸುಮಾರು 550ರಿಂದ 600 ಮಿಲಿಮೀಟರ್ ಮಾತ್ರ. ಜಿಲ್ಲೆಯೊಳಗೂ ಪಶ್ಚಿಮದ ಹೊಳಲ್ಕೆರೆಯಿಂದ ಪೂರ್ವದ ಹಿರಿಯೂರಿನ ಕಡೆಗೆ ಮಳೆ ಇಳಿಯುತ್ತ ಹೋಗುತ್ತದೆ. ಆದರೆ ರೈತನನ್ನು ಕಾಡುವುದು ಸರಾಸರಿಯ ಕೊರತೆಗಿಂತ ಹೆಚ್ಚಾಗಿ ಮಳೆಯ ಅನಿಶ್ಚಯ: ಮೇ ತಿಂಗಳ ಸುಮಾರಿಗೆ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮತ್ತೊಮ್ಮೆ ಮಳೆ ಏರುವುದು, ನಡುವಿನ ಜುಲೈನಲ್ಲಿ ಮೋಡ ಕವಿದೂ ಸುರಿಯದೆ ಗಾಳಿ ಬೀಸುವುದು, ವರ್ಷದ ಮಳೆಯ ದೊಡ್ಡ ಪಾಲು ಕೆಲವೇ ದಿನಗಳಲ್ಲಿ ಬಂದು ಹರಿದುಹೋಗುವುದು ಇಲ್ಲಿನ ರೂಢಿ.

ಈ ಅನಿಶ್ಚಯವನ್ನು ನೆನಪಿನಲ್ಲಿ ಹಿಡಿದಿಡಲು ಇಲ್ಲಿನವರು ಬಳಸುತ್ತ ಬಂದಿರುವ ಚೌಕಟ್ಟು ಮಳೆ ನಕ್ಷತ್ರಗಳದ್ದು. ಸೂರ್ಯ ವರ್ಷವೊಂದರಲ್ಲಿ 27 ನಕ್ಷತ್ರಗಳನ್ನು ದಾಟುವುದರಿಂದ ಒಂದೊಂದರಲ್ಲಿ ಸುಮಾರು ಹದಿಮೂರೂವರೆ ದಿನವಿರುತ್ತಾನೆ, ಮತ್ತು ಆ ಅವಧಿಯಲ್ಲಿ ಬೀಳುವ ಮಳೆಗೆ ಆ ನಕ್ಷತ್ರದ ಹೆಸರೇ ಸಲ್ಲುತ್ತದೆ. ರೋಹಿಣಿ ಮೇ ಕೊನೆಯ ವಾರದಲ್ಲಿ ಹುಟ್ಟಿದರೆ ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಗೆ, ಹುಬ್ಬೆ, ಉತ್ತರೆ ದಾಟಿ ಸೆಪ್ಟೆಂಬರ್ ಕೊನೆಗೆ ಹಸ್ತ, ಅಕ್ಟೋಬರಿನಲ್ಲಿ ಚಿತ್ತೆ ಮತ್ತು ಸ್ವಾತಿ ಬರುತ್ತವೆ. ಯಾವ ಮಳೆಗೆ ಏನು ಬಿತ್ತಬೇಕು, ಯಾವುದು ತಪ್ಪಿದರೆ ಯಾವ ಬೆಳೆಗೆ ಬದಲಾಗಬೇಕು, ಯಾವ ಮಳೆ ಬಿದ್ದರೆ ತೆನೆ ಜೊಳ್ಳಾಗುತ್ತದೆ ಎಂಬ ವಿವರಗಳನ್ನು ಗಾದೆಗಳು ಪ್ರಾಸದಲ್ಲಿ ಕಟ್ಟಿ ಬಾಯಿಂದ ಬಾಯಿಗೆ ಸಾಗಿಸಿವೆ. ಅಕ್ಷರ ಬಾರದವರ ನಡುವೆಯೂ ಹದಿನಾಲ್ಕು ದಿನಗಳ ಸೂಕ್ಷ್ಮತೆಯ ಹವಾಮಾನ ದಾಖಲೆಯೊಂದು ಕೆಡದೆ ಉಳಿಯಲು ಪ್ರಾಸವೇ ಕಾರಣ, ಏಕೆಂದರೆ ಪ್ರಾಸ ತಪ್ಪಿದ ಮಾತನ್ನು ಕೇಳುಗರೇ ತಿದ್ದುತ್ತಾರೆ.

ಈ ಚೌಕಟ್ಟನ್ನು ಬದಲಾಗದ ಪ್ರಾಚೀನ ಸತ್ಯವೆಂದು ತಿಳಿಯುವುದು ಸರಿಯಲ್ಲ, ಮತ್ತು ಇದಕ್ಕೆ ಖಗೋಳ ವಿಜ್ಞಾನವೇ ಆಧಾರ ಒದಗಿಸುತ್ತದೆ. ಭೂಮಿಯ ಅಕ್ಷವು ಸುಮಾರು 26,000 ವರ್ಷಕ್ಕೊಮ್ಮೆ ಸುತ್ತು ಮುಗಿಸುವ ನಿಧಾನವಾದ ಓಲಾಟಕ್ಕೆ ಒಳಗಾಗಿದೆ. ಅಯನ ಚಲನೆ ಎಂದು ಕರೆಯುವ ಈ ಓಲಾಟದಿಂದಾಗಿ, ಸೂರ್ಯ ಒಂದು ನಕ್ಷತ್ರವನ್ನು ಪ್ರವೇಶಿಸುವ ದಿನ ಋತುಮಾನಕ್ಕೆ ಹೋಲಿಸಿದರೆ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಜರುಗುತ್ತದೆ. ಮುಂಗಾರು ನಕ್ಷತ್ರಗಳನ್ನು ಅನುಸರಿಸುವುದಿಲ್ಲ, ಅದು ಸೂರ್ಯನ ಕಾವಿನ ಋತುಚಕ್ರವನ್ನು ಅನುಸರಿಸುತ್ತದೆ. ಹಾಗಾಗಿ ಸಾವಿರ ವರ್ಷದಲ್ಲಿ ಗಾದೆಯೊಂದು ಸುಮಾರು ಒಂದು ನಕ್ಷತ್ರದಷ್ಟು ತಪ್ಪಿಹೋಗಬೇಕು; ಕ್ರಿ.ಶ. ನಾಲ್ಕನೆಯ ಶತಮಾನದಲ್ಲಿ ರೋಹಿಣಿ ಮಳೆ ಹುಟ್ಟುತ್ತಿದ್ದುದು ಇಂದಿಗಿಂತ ಮೂರು ವಾರ ಮೊದಲು, ಬೇಸಿಗೆಯ ಉರಿಯಲ್ಲಿ. ಇಂದಿನ ಗಾದೆಗಳು ಇಂದಿನ ಮಳೆಗೆ ಸರಿಸುಮಾರಾಗಿ ಹೊಂದುತ್ತವೆಯೆಂದರೆ, ಹೊಂದದವುಗಳನ್ನು ಜನ ಕೈಬಿಟ್ಟು ಹೊಸದನ್ನು ಕಟ್ಟಿಕೊಳ್ಳುತ್ತ ಬಂದಿದ್ದಾರೆ ಎಂದೇ ಅರ್ಥ. ಈ ತಿದ್ದುಪಡಿ ಯಾರ ಹೆಸರಿನಲ್ಲೂ ದಾಖಲಾಗಿಲ್ಲ, ಆದರೆ ಸಂಸ್ಕೃತಿ ಕಲಿಯುತ್ತಿರುವ ವ್ಯವಸ್ಥೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿರುವುದರಿಂದ, ಮುಂದಿನ ತಿದ್ದುಪಡಿಗೆ ಕಿವಿಯ ಜೊತೆಗೆ ಅಂಕಿಯ ನೆರವೂ ಒದಗಿದೆ.

ಹೊಲದಲ್ಲಿ ಈ ತಿಳಿವಳಿಕೆ ಪಡೆಯುವ ರೂಪ ಅಕ್ಕಡಿ. ರಾಗಿಯನ್ನು ಕೂರಿಗೆಯಿಂದ ಸಾಲಾಗಿ ಬಿತ್ತುವಾಗ ನಡುನಡುವೆ ಕೆಲವು ಸಾಲುಗಳನ್ನು ಅವರೆ, ತೊಗರಿ, ಹುಚ್ಚೆಳ್ಳು, ಹರಳು, ಜೋಳಗಳಿಗೆ ಬಿಡುವುದೇ ಅಕ್ಕಡಿ ಸಾಲು. ಶೇಂಗಾ ಬೆಳೆಯುವ ಹೊಲಗಳಲ್ಲೂ ತೊಗರಿಯನ್ನು ಹೀಗೆ ಹಾಕುತ್ತಾರೆ. ರಾಗಿಯ ಬೇರು ಮೇಲುಮಣ್ಣಿನ ತೇವವನ್ನು ಹೀರಿದರೆ ತೊಗರಿಯ ಬೇರು ಆಳದ್ದನ್ನು ಎತ್ತಿಕೊಳ್ಳುತ್ತದೆ. ರಾಗಿ ಕೊಯ್ಲಾದ ಮೇಲೂ ಅವರೆ ಮತ್ತು ತೊಗರಿ ಉಳಿದ ತೇವ ಮತ್ತು ಚಳಿಗಾಲದ ಇಬ್ಬನಿಯ ನೆರವಿನಲ್ಲಿ ಕಾಯಿ ಕಟ್ಟುತ್ತವೆ. ದ್ವಿದಳ ಗಿಡಗಳ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಮಾಡುತ್ತವೆ. ಜುಲೈನ ಒಣಗಾಳಿಗೆ ಒಂದು ಬೆಳೆ ಕೈಕೊಟ್ಟರೂ ಹಸ್ತ, ಚಿತ್ತೆಯ ಮಳೆಗೆ ಇನ್ನೊಂದು ಚೇತರಿಸಿಕೊಳ್ಳುತ್ತದೆ. ಅರ್ಥಶಾಸ್ತ್ರಜ್ಞರು ಅಪಾಯದ ಹಂಚಿಕೆ ಎನ್ನುವುದನ್ನು ಅಕ್ಕಡಿ ಒಂದೇ ಹೊಲದ ಬದುಗಳ ನಡುವೆ ಸಾಧಿಸುತ್ತದೆ. ಬೆಳೆ ಎದ್ದ ಮೇಲೆ ಹಾಯಿಸುವ ಕುಂಟೆ ಕಳೆಯನ್ನು ಕೀಳುವುದಷ್ಟೇ ಅಲ್ಲದೆ ಮೇಲ್ಮಣ್ಣಿನ ಸೂಕ್ಷ್ಮ ನಾಳಗಳನ್ನು ಮುರಿದು, ಒಳಗಿನ ತೇವ ಆವಿಯಾಗುವುದನ್ನು ತಡೆಯುತ್ತದೆ.

ರಾಗಿ ಈ ನಾಡಿನ ಮೂಲ ಬೆಳೆಯಲ್ಲ. ಅದು ಪಳಗಿದ್ದು ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳಲ್ಲಿ, ಭಾರತಕ್ಕೆ ಬಂದದ್ದು ಸಾವಿರಾರು ವರ್ಷಗಳ ಹಿಂದೆ. ಬಂದ ಬೆಳೆಯನ್ನು ತನ್ನದಾಗಿಸಿಕೊಳ್ಳುವ ಕೆಲಸ ಇಪ್ಪತ್ತನೆಯ ಶತಮಾನದಲ್ಲೂ ಮುಂದುವರಿಯಿತು: ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ತಳಿವಿಜ್ಞಾನಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಬೆರೆಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದರು. ಒಣಸೀಮೆಗೆ ರಾಗಿಯ ಬಹುದೊಡ್ಡ ಉಪಕಾರ ಅದರ ಬಾಳಿಕೆ. ನೆಲದಲ್ಲಿ ಗುಂಡಿ ತೋಡಿ, ಒಳಗೆ ರಾಗಿಹುಲ್ಲು ಹಾಸಿ, ಕಾಳು ತುಂಬಿ, ಬಾಯಿಯನ್ನು ಮಣ್ಣಿನಿಂದ ಮೆತ್ತಿ ಮುಚ್ಚುವ ಹಗೇವಿನಲ್ಲಿ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಮುಚ್ಚಿದ ಗುಂಡಿಯಲ್ಲಿ ಕಾಳು ಮತ್ತು ಹುಳುಗಳೇ ಉಸಿರಾಡಿ ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈಆಕ್ಸೈಡನ್ನು ತುಂಬಿಸುವುದರಿಂದ ಹುಳು ಬದುಕುವುದಿಲ್ಲ. ಹಗೇವು ತೆರೆದಾಗ ಕೂಡಲೇ ಇಳಿಯದೆ, ದೀಪವನ್ನು ಇಳಿಬಿಟ್ಟು ಅದು ಆರದಿರುವುದನ್ನು ನೋಡಿಯೇ ಮನುಷ್ಯ ಇಳಿಯಬೇಕೆಂಬ ರೂಢಿ, ಅನಿಲದ ರಸಾಯನ ತಿಳಿಯದವರ ಜೀವವನ್ನೂ ಕಾದಿದೆ.

ನೀರಿನ ವಿಷಯದಲ್ಲಿ ಈ ಸೀಮೆಗೆ ಕಲ್ಲಿನ ಮೇಲೆ ಬರೆದ ಸಾಕ್ಷ್ಯವೇ ಇದೆ. ಚಿತ್ರದುರ್ಗದ ಕೋಟೆಗೆ ಹೊಂದಿಕೊಂಡ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವೊಂದು ದೊರೆತಿದೆ. ನಾಲ್ಕನೆಯ ಶತಮಾನದ ಈ ಕಿರುಶಾಸನ ಅರಸನ ಗೆಲುವುಗಳನ್ನು ಹೇಳುತ್ತಲೇ ಆತ ಮಾಡಿಸಿದ ತಟಾಕವನ್ನೂ, ಅಂದರೆ ಕೆರೆಯನ್ನೂ, ಹೆಸರಿಸುತ್ತದೆ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ನಡೆಸಿದ ಉತ್ಖನನ ಅದಕ್ಕೂ ಹಿಂದಿನ ಜನವಸತಿಯನ್ನು ಬೆಳಕಿಗೆ ತಂದಿತು. ಇದೇ ಬಂಡೆಗಳ ಮೇಲೆ ಮುಂದೆ ಪಾಳೆಯಗಾರರ ಏಳುಸುತ್ತಿನ ಕೋಟೆ ಬೆಳೆದಾಗ, ನದಿಯಾಗಲಿ ದೊಡ್ಡ ಚಿಲುಮೆಯಾಗಲಿ ಇಲ್ಲದ ಕಲ್ಲುಗುಡ್ಡವೇ ಜಲಾನಯನವಾಯಿತು. ಬಂಡೆಯ ಮೇಲೆ ಬಿದ್ದ ಮಳೆ ಇಂಗದೆ ಇಳಿಯುವುದನ್ನು ಬಳಸಿಕೊಂಡು, ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಗಳ ಕಡೆಗೆ ನೀರು ಸಾಗುವಂತೆ ಸರಣಿಯನ್ನು ಕಟ್ಟಿದರು. ಒಂದರ ಹೆಚ್ಚುವರಿ ಇನ್ನೊಂದಕ್ಕೆ ಮೂಲವಾಗುವ ಈ ಏರ್ಪಾಟಿನಲ್ಲಿ ಹೂಳು ಮೇಲಿನ ಹೊಂಡಗಳಲ್ಲೇ ತಂಗಿ, ಕೆಳಗಿನವಕ್ಕೆ ತಿಳಿನೀರು ಬರುವ ಅನುಕೂಲವೂ ಸೇರಿಕೊಂಡಿದೆ. ಕೋಟೆಯ ಕಣಜಗಳನ್ನೂ ಎಣ್ಣೆಕೊಳಗಳನ್ನೂ ಇದರೊಂದಿಗೆ ಸೇರಿಸಿ ನೋಡಿದರೆ, ಮುತ್ತಿಗೆಯ ತಿಂಗಳುಗಳಿಗೆ ಮಾಡಿಕೊಂಡ ಸಿದ್ಧತೆಗೂ ಬರದ ತಿಂಗಳುಗಳಿಗೆ ಮಾಡಿಕೊಂಡ ಸಿದ್ಧತೆಗೂ ತತ್ತ್ವ ಒಂದೇ ಎಂಬುದು ಕಾಣುತ್ತದೆ.

ಬಯಲಿನಲ್ಲಿ ಇದೇ ತತ್ತ್ವ ಕೆರೆಗಳ ಸರಣಿಯಾಗಿ ಹರಡಿತು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ನಾಲ್ಕು ಅಂಗಗಳ ಕೆರೆಯನ್ನು ಕಟ್ಟುವುದು ಕಷ್ಟವೇನಲ್ಲ. ನೂರಾರು ವರ್ಷ ಉಳಿಸಿಕೊಳ್ಳುವುದು ಕಷ್ಟ, ಏಕೆಂದರೆ ಹೂಳು ಪ್ರತಿ ಮಳೆಗೂ ಬರುತ್ತದೆ ಮತ್ತು ನೀರು ಕಡಿಮೆಯಾದಷ್ಟೂ ಜಗಳ ಹೆಚ್ಚುತ್ತದೆ. ಕೆರೆ ಕಟ್ಟಿಸಿದವರಿಗೂ ನೋಡಿಕೊಳ್ಳುವವರಿಗೂ ಬಿಡುತ್ತಿದ್ದ ಕಟ್ಟುಕೊಡಗೆ, ಬಿತ್ತುವಟ್ಟ, ದಶವಂದ ಎಂಬ ಮಾನ್ಯಗಳು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ. ತೂಬು ತೆರೆದು ಮುಚ್ಚುವ, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಕೆಲಸ ನೀರಗಂಟಿಯದು, ಮತ್ತು ಬಹುತೇಕ ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳ ಪಾಲಿಗಿತ್ತು. ಅಚ್ಚುಕಟ್ಟಿನಲ್ಲಿ ದೊಡ್ಡ ಹಿಡುವಳಿಯಿಲ್ಲದವನ ಕೈಯಲ್ಲಿ ತೂಬಿದ್ದುದರಿಂದ ಹಂಚಿಕೆ ನ್ಯಾಯವಾಗಿರಲು ಅನುಕೂಲವಾಯಿತೆಂಬುದು ನಿಜ. ಊರಿಗೆಲ್ಲ ನೀರು ಹಂಚಿದವನಿಗೆ ಅದೇ ಊರು ಸಮಾನ ಸ್ಥಾನ ಕೊಡಲಿಲ್ಲವೆಂಬುದೂ ಅಷ್ಟೇ ನಿಜ. ಸಾಮಾನ್ಯ ಸಂಪನ್ಮೂಲಗಳನ್ನು ಬಳಕೆದಾರರೇ ನಿಯಮ ಕಟ್ಟಿಕೊಂಡು ಕಾಯಬಲ್ಲರೆಂದು ತೋರಿಸಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಅಂಥ ವ್ಯವಸ್ಥೆಗಳು ಬಾಳಲು ಸ್ಪಷ್ಟವಾದ ಗಡಿ, ಸ್ಥಳಕ್ಕೆ ತಕ್ಕ ನಿಯಮ, ನಿಗಾ ಇಡುವವರು, ತಪ್ಪಿದವರಿಗೆ ಹಂತಹಂತದ ದಂಡ ಬೇಕೆಂದರು. ಈ ನಾಲ್ಕನ್ನೂ ಹಳೆಯ ಕೆರೆ ವ್ಯವಸ್ಥೆ ಹೊಂದಿತ್ತು. ಬೇಸಿಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಳಲ್ಲಿ ಹೇರಿ ಹೊಲಕ್ಕೆ ಹೊಡೆಯುತ್ತಿದ್ದುದರಿಂದ ಹೂಳೆತ್ತುವ ಕೆಲಸ ಊರಿನ ಮೇಲಿನ ಹೊರೆಯಾಗದೆ ರೈತನ ಸ್ವಂತ ಲಾಭವಾಗಿತ್ತು. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಮಂದೆ ತರುಬಿಸಿ, ಗೊಬ್ಬರಕ್ಕೆ ಪ್ರತಿಯಾಗಿ ಕುರಿಗಾಹಿಗಳಿಗೆ ಕಾಳು ಕೊಡುವ ಪದ್ಧತಿಯೂ ಇದೇ ಬಗೆಯದು.

ಇಷ್ಟೆಲ್ಲ ಇದ್ದೂ ತಿಳಿವಳಿಕೆ ಸೋತ ಕಾಲವಿದೆ. 1876–78ರ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಮಳೆ ಸಾಲಾಗಿ ಕೈಕೊಟ್ಟಿತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಗೇವು ಒಂದೆರಡು ವರ್ಷದ ಕೊರತೆಯನ್ನು ತಾಳಬಲ್ಲದಾಗಿತ್ತೇ ಹೊರತು, ಕೊರತೆಯ ಮೇಲೆ ಕೊರತೆ ಬಂದು, ಕಾಳು ಹೆಚ್ಚಿನ ಬೆಲೆ ಸಿಗುವೆಡೆಗೆ ಹರಿದು, ಕೂಲಿಯೂ ಇಲ್ಲವಾದಾಗ ಅದರ ಶಕ್ತಿ ಮೀರಿಹೋಯಿತು. ಈ ಬರದ ನೆನಪು ಹಸಿಯಾಗಿದ್ದಾಗಲೇ ಹಿರಿಯೂರಿನ ಬಳಿ, ವೇದಾವತಿ ನದಿ ಗುಡ್ಡಗಳ ನಡುವೆ ನುಸುಳುವ ಮಾರಿಕಣಿವೆಯಲ್ಲಿ, 1898ರ ಹೊತ್ತಿಗೆ ಆರಂಭವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಎದ್ದಿತು. ಸುಮಾರು 30 ಟಿಎಂಸಿ ಅಡಿ ಹಿಡಿಯುವ ಈ ಜಲಾಶಯ 1933ರಲ್ಲಿ ತುಂಬಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅದಾದ ಮೇಲೆ 2025ರ ಜನವರಿಯಲ್ಲಿ. ತುಂಬದ ಅಣೆಕಟ್ಟೆಂದು ಇದನ್ನು ಹಳಿಯುವವರುಂಟು. ಆದರೆ ವರ್ಷವರ್ಷಕ್ಕೆ ಹೊಯ್ದಾಡುವ ನದಿಯಲ್ಲಿ, ಒಳ್ಳೆಯ ವರ್ಷದ ನೀರನ್ನು ಕೆಟ್ಟ ವರ್ಷಕ್ಕೆ ಉಳಿಸುವ ಉದ್ದೇಶಕ್ಕೆ ಸಾಧಾರಣ ಹರಿವಿಗಿಂತ ದೊಡ್ಡ ಪಾತ್ರೆಯೇ ಬೇಕು. ಹಗೇವಿನ ಲೆಕ್ಕಾಚಾರವನ್ನೇ ಇಂಜಿನಿಯರುಗಳು ಸುಣ್ಣದ ಗಾರೆಯಲ್ಲಿ ಕಟ್ಟಿದರು.

ರೂಢಿಯಲ್ಲಿರುವುದೆಲ್ಲ ಹೊಂದಾಣಿಕೆಯಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಚಿತ್ರದುರ್ಗ, ಹಿರಿಯೂರು ಭಾಗದ ಗೊಲ್ಲರಹಟ್ಟಿಗಳಲ್ಲಿ ಕಾಡುಗೊಲ್ಲರು ಹಟ್ಟಿಗೆ ಮುಳ್ಳುಬೇಲಿ ಕಟ್ಟಿ ದನಕುರಿಗಳನ್ನು ಕಾಯುವ ಕ್ರಮ ಕುರುಚಲು ಕಾಡಿನಂಚಿನ ಬದುಕಿಗೆ ಹೇಳಿ ಮಾಡಿಸಿದ್ದು; ಅದೇ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿ–ಕೂಸುಗಳನ್ನೂ ಹಟ್ಟಿಯಾಚೆ ಇರಿಸುವ ಪದ್ಧತಿ ಚಳಿಮಳೆಗೆ ಅವರನ್ನು ಒಡ್ಡಿ ಕೇಡನ್ನೇ ಮಾಡಿದೆ. ಎರಡೂ ಒಂದೇ ಪರಂಪರೆಯಲ್ಲಿ, ಒಂದೇ ಭಕ್ತಿಯಿಂದ ಸಾಗಿಬಂದಿವೆ. ತಲೆಮಾರುಗಳ ಆಯ್ಕೆ ಕೆಟ್ಟದ್ದನ್ನು ತಾನಾಗಿಯೇ ಸೋಸಿಬಿಡುತ್ತದೆಂಬ ಭರವಸೆ ಸಲ್ಲದು, ಅದರಲ್ಲೂ ನೋವುಣ್ಣುವವರಿಗೆ ತೀರ್ಮಾನಿಸುವ ಅಧಿಕಾರವಿಲ್ಲದ ಕಡೆ.

ತಿಳಿವಳಿಕೆ ಬೆಳೆಯಲು ಪರಿಣಾಮ ಕಣ್ಣಿಗೆ ಕಾಣಬೇಕು. ತಡವಾಗಿ ಬಿತ್ತಿದ್ದರ ಫಲ ಅದೇ ಸುಗ್ಗಿಯಲ್ಲಿ ಗೊತ್ತಾಗುತ್ತದೆ, ಕೊಳವೆಬಾವಿಯ ನೀರಿನದು ಗೊತ್ತಾಗುವುದಿಲ್ಲ. ಕೆರೆಗಳು ಹೂಳಿನಲ್ಲಿ ಮುಚ್ಚುತ್ತ ಬಂದು, ಹೊಳಲ್ಕೆರೆ, ಹೊಸದುರ್ಗದ ಕಡೆ ಅಡಿಕೆ, ತೆಂಗು, ದಾಳಿಂಬೆ ತೋಟಗಳು ಹರಡಿದಂತೆ ಕೊಳವೆಬಾವಿಗಳು ಆಳಕ್ಕಿಳಿದವು. ಗಟ್ಟಿಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಜಿಲ್ಲೆಯ ಹಲವು ಊರುಗಳ ನೀರು ಅದನ್ನು ಮೀರಿದೆ. ಫ್ಲೋರೈಡಿಗೆ ಬಣ್ಣವಿಲ್ಲ, ರುಚಿಯಿಲ್ಲ. ಹಲ್ಲಿನ ಕಲೆ ಬಾಲ್ಯ ಕಳೆಯುವಾಗ, ಮೂಳೆಯ ಬಿಗಿತ ದಶಕಗಳು ಕಳೆದ ಮೇಲೆ ಕಾಣಿಸುತ್ತದೆ. ಇಂಥದ್ದನ್ನು ಯಾವ ಗಾದೆಯೂ ಹಿಡಿಯಲಾರದು. ಇದಕ್ಕೆ ಪ್ರಯೋಗಾಲಯವೇ ಬೇಕು, ಮತ್ತು ಪ್ರಯೋಗಾಲಯದ ಅಂಕಿ ಊರಿನ ಮಾತಾಗಬೇಕು. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರದಂಥ ಸಂಸ್ಥೆಗಳ ನಿಜವಾದ ಕೆಲಸವಿರುವುದು ಈ ಎರಡನೆಯ ಹೆಜ್ಜೆಯಲ್ಲಿ.

ಈಗ ಭದ್ರಾ ಮೇಲ್ದಂಡೆ ಯೋಜನೆ 29.9 ಟಿಎಂಸಿ ಅಡಿ ನೀರನ್ನು ಈ ಒಣಸೀಮೆಗೆ ತರಲು, ಸುಮಾರು 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿಯಂಥ ಸೂಕ್ಷ್ಮ ವಿಧಾನದಲ್ಲಿ ಒದಗಿಸಲು, 367 ಕೆರೆಗಳಿಗೆ ಅರ್ಧದಷ್ಟು ನೀರು ತುಂಬಿಸಲು ಉದ್ದೇಶಿಸಿದೆ. ಆ ಕೆರೆಗಳಲ್ಲಿ ಅನೇಕಕ್ಕೆ ನೀರಗಂಟಿ ಇಲ್ಲವಾಗಿ ಎರಡು ತಲೆಮಾರು ಕಳೆದಿದೆ. ಬರುವ ನೀರು ಅಡಿಕೆ ತೋಟಕ್ಕೋ ಅಕ್ಕಡಿ ಹೊಲಕ್ಕೋ, ಹೂಳನ್ನು ಯಾರು ಯಾವಾಗ ಎತ್ತಬೇಕು, ತೂಬಿನ ಕೀಲಿ ಯಾರ ಕೈಯಲ್ಲಿರಬೇಕು, ಆ ಕೆಲಸಕ್ಕೆ ಜಾತಿಯ ಬದಲು ಸಂಬಳವನ್ನೂ ಗೌರವವನ್ನೂ ಹೇಗೆ ಕೂಡಿಸಬೇಕು ಎಂಬುದನ್ನು ಆಯಾ ಊರಿನವರು ನೀರು ಬರುವ ಮುನ್ನವೇ ಕೂತು ತೀರ್ಮಾನಿಸಿಕೊಳ್ಳಬೇಕಾಗಿದೆ.